ಅಂಗವಿಕಲರ ಸ್ವತಂತ್ರಜೀವನ ಕೇಂದ್ರಗಳು: ತತ್ತ್ವ ಮತ್ತು ಕಾರ್ಯ

‘ಸ್ವತಂತ್ರ’ ಎಂಬ ಶಬ್ದವು ಇಂದು ಬಹುಮಟ್ಟಿಗೆ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಪರರ ಆಳ್ವಿಕೆಗೆ ಒಳಪಡದ ದೇಶ ಸ್ವತಂತ್ರದೇಶ. ಪರರ ನೆರವನ್ನು ಬೇಡದೆ ಬಾಳುವವನು ಸ್ವತಂತ್ರನು. ಇದು ಲೋಕರೂಢಿ. ವ್ಯಾಕರಣಶಾಸ್ತ್ರದಲ್ಲಿ ಈ ಶಬ್ದಕ್ಕೆ ಇನ್ನೂ ಸೂಕ್ಷ್ಮವಾದ ಒಂದು ಅರ್ಥವುಂಟು. ಪಾಣಿನಿ ಮಹರ್ಷಿಯು ಕರ್ತೃಕಾರಕದ ಲಕ್ಷಣವನ್ನು ಹೇಳುವಾಗ, ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನೇ ಕರ್ತೃವೆಂದು ನಿರ್ಣಯಿಸಿದ್ದಾನೆ. ಅಡುಗೆ ಮಾಡುವವನಿಗೆ ಸೌದೆ ಬೇಕು, ಪಾತ್ರೆ ಬೇಕು, ನೀರು ಬೇಕು, ಬೆಂಕಿ ಬೇಕು. ಇಷ್ಟೊಂದನ್ನು ಅವಲಂಬಿಸಿದ್ದರೂ ಅಡುಗೆಯ ಕರ್ತೃ ಅವನೇ ಹೊರತು ಸೌದೆಯಲ್ಲ. ಏನನ್ನು, ಯಾವಾಗ, ಹೇಗೆ ಬೇಯಿಸಬೇಕೆಂಬ ನಿರ್ಧಾರವು ಅವನದಾಗಿರುವುದೇ ಇದಕ್ಕೆ ಕಾರಣ. ಮಹರ್ಷಿಯು ಅಲ್ಲಿಗೇ ನಿಲ್ಲದೆ, ಮತ್ತೊಬ್ಬನನ್ನು ಪ್ರೇರಿಸಿ ಅವನಿಂದ ಕೆಲಸವನ್ನು ಮಾಡಿಸುವವನಿಗೂ ಕರ್ತೃವೆಂಬ ಹೆಸರು ಸಲ್ಲುತ್ತದೆಂದು ಮುಂದಿನ ಸೂತ್ರದಲ್ಲಿ ವಿಧಿಸಿದ್ದಾನೆ.

ಕನ್ನಡ ನುಡಿಯಲ್ಲಿ ಈ ಪ್ರೇರಣೆಯನ್ನು ‘ಇಸು’ ಎಂಬ ಪ್ರತ್ಯಯವು ತಿಳಿಸುತ್ತದೆ. ಮಾಡು, ಮಾಡಿಸು, ಬರೆ, ಬರೆಯಿಸು, ಕಟ್ಟು, ಕಟ್ಟಿಸು. ‘ಅರಸನು ಶಿಲ್ಪಿಗಳಿಂದ ದೇಗುಲವನ್ನು ಕಟ್ಟಿಸಿದನು’ ಎಂಬ ವಾಕ್ಯದಲ್ಲಿ ಅರಸನು ಪ್ರಥಮಾ ವಿಭಕ್ತಿಯಲ್ಲಿದ್ದಾನೆ, ಶಿಲ್ಪಿಗಳು ತೃತೀಯೆಯಲ್ಲಿದ್ದಾರೆ. ಅರಸನು ಒಂದು ಕಲ್ಲನ್ನೂ ತನ್ನ ಕೈಯಿಂದ ಎತ್ತಲಿಲ್ಲವೆಂಬ ಕಾರಣಕ್ಕೆ ಅವನನ್ನು ಪರಾವಲಂಬಿಯೆಂದು ಯಾರೂ ಕರೆದಿಲ್ಲ. ಆದರೆ ಕೈಕಾಲುಗಳಲ್ಲಿ ಶಕ್ತಿಯಿಲ್ಲದ ಒಬ್ಬ ವ್ಯಕ್ತಿ ಮತ್ತೊಬ್ಬರಿಂದ ಸ್ನಾನ ಮಾಡಿಸಿಕೊಂಡರೆ, ಉಡುಪು ತೊಡಿಸಿಕೊಂಡರೆ, ಲೋಕವು ಅವನನ್ನು ಕೂಡಲೇ ಪರಾವಲಂಬಿಯೆನ್ನುತ್ತದೆ. ಒಂದೇ ಪ್ರತ್ಯಯಕ್ಕೆ ಅರಸನ ವಿಷಯದಲ್ಲಿ ಗೌರವವೂ ಅಂಗವಿಕಲನ ವಿಷಯದಲ್ಲಿ ಕನಿಕರವೂ ಸಲ್ಲುವುದು ಯಾವ ನ್ಯಾಯ?

ಈ ಪ್ರಶ್ನೆಯನ್ನು ವ್ಯಾಕರಣದ ಭಾಷೆಯಲ್ಲಲ್ಲದೆ ಬದುಕಿನ ಭಾಷೆಯಲ್ಲಿ ಕೇಳಿ, ಅದಕ್ಕೆ ತಮ್ಮ ದುಡಿಮೆಯಿಂದಲೇ ಉತ್ತರ ಕೊಟ್ಟವರು ಸ್ವತಂತ್ರಜೀವನ ಕೇಂದ್ರಗಳ ಕಾರ್ಯಕರ್ತರು. ಲಾಭಾಪೇಕ್ಷೆಯಿಲ್ಲದ ಈ ಸಂಸ್ಥೆಗಳು ಹೇಗೆ ಹುಟ್ಟಿದವು, ಅಲ್ಲಿ ದುಡಿಯುವವರು ಯಾರು, ಅವರ ದಿನನಿತ್ಯದ ಕೆಲಸವೇನು, ಆ ಕೆಲಸವು ಕನ್ನಡ ನಾಡಿನ ಶಿಕ್ಷಕರಿಗೂ ದಾನಿಗಳಿಗೂ ಏನನ್ನು ಕಲಿಸಬಲ್ಲದು ಎಂಬುದು ಪ್ರಸ್ತುತ ಲೇಖನದ ವಿಷಯ.

ಆಸ್ಪತ್ರೆಯೊಳಗೊಂದು ವಿದ್ಯಾರ್ಥಿನಿಲಯ

ಈ ಕಥೆಯ ಮೂಲಸ್ಥಾನ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರ. ಅದರ ಮೂಲಪುರುಷರಲ್ಲಿ ಅಗ್ರಗಣ್ಯನಾದವನು ಎಡ್ ರಾಬರ್ಟ್ಸ್. 1939ರಲ್ಲಿ ಜನಿಸಿದ ಈತನಿಗೆ 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೋ ಬಡಿಯಿತು. ಸಾಕ್ ಎಂಬ ವಿಜ್ಞಾನಿಯ ಲಸಿಕೆ ಬಳಕೆಗೆ ಬಂದುದು 1955ರಲ್ಲಿ. ಎರಡೇ ವರ್ಷಗಳ ಅಂತರದಲ್ಲಿ ಈ ಬಾಲಕನ ಬಾಳಿನ ದಿಕ್ಕು ಬದಲಾಯಿತು. ಕೈಕಾಲುಗಳ ಕೆಲವೇ ಬೆರಳುಗಳ ಚಲನೆಯನ್ನು ಬಿಟ್ಟರೆ ಕುತ್ತಿಗೆಯ ಕೆಳಗಿನ ಶರೀರವು ನಿಶ್ಚೇಷ್ಟಿತವಾಯಿತು. ಉಸಿರಾಟಕ್ಕೂ ‘ಕಬ್ಬಿಣದ ಪುಪ್ಪುಸ’ವೆಂದು ಹೆಸರಾದ ದೊಡ್ಡ ಕೊಳವೆಯಾಕಾರದ ಯಂತ್ರವೇ ಗತಿಯಾಯಿತು. ರಾತ್ರಿಯೆಲ್ಲ ಆ ಯಂತ್ರದೊಳಗೆ ಮಲಗಿ, ಹಗಲಿನಲ್ಲಿ ಕಪ್ಪೆಯಂತೆ ಗಾಳಿಯನ್ನು ನುಂಗಿ ಉಸಿರಾಡುವ ಒಂದು ಕ್ರಮವನ್ನು ಆತ ಅಭ್ಯಾಸ ಮಾಡಿಕೊಂಡನು.

ಪ್ರೌಢಶಾಲೆಯ ಪಾಠಗಳನ್ನು ಆತ ಬಹುಕಾಲ ಮನೆಯಲ್ಲಿದ್ದುಕೊಂಡೇ ದೂರವಾಣಿಯ ಮೂಲಕ ಕೇಳಿದನು. ಕೊನೆಗೆ ಶಾಲೆಯವರು, ಈತ ವ್ಯಾಯಾಮದ ತರಗತಿಗೆ ಬಂದಿಲ್ಲ, ಮೋಟಾರು ನಡೆಸುವುದನ್ನು ಕಲಿತಿಲ್ಲ ಎಂಬ ಕಾರಣಗಳನ್ನೊಡ್ಡಿ ಪ್ರಮಾಣಪತ್ರವನ್ನು ತಡೆಹಿಡಿಯಲು ಹೊರಟರು. ತಾಯಿ ಜೋನಾ ರಾಬರ್ಟ್ಸ್ ಶಾಲಾಮಂಡಲಿಯ ವರೆಗೂ ಹೋಗಿ ವಾದಿಸಿ ಅದನ್ನು ದೊರಕಿಸಿದಳು. ಮುಂದೆ ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕೆ ನೆರವು ಬೇಡಿದಾಗ, ರಾಜ್ಯದ ಪುನರ್ವಸತಿ ಇಲಾಖೆಯು ಇಷ್ಟೊಂದು ವೈಕಲ್ಯವುಳ್ಳವನು ಎಂದಿಗೂ ಉದ್ಯೋಗ ಮಾಡಲಾರನೆಂದು ಹೇಳಿ ನಿರಾಕರಿಸಿತು. ಆ ನಿರ್ಣಯವನ್ನೂ ಹೋರಾಡಿಯೇ ಬದಲಿಸಬೇಕಾಯಿತು.

1962ರಲ್ಲಿ ರಾಬರ್ಟ್ಸ್ ಬರ್ಕ್ಲಿಯ ವಿಶ್ವವಿದ್ಯಾನಿಲಯವನ್ನು ಸೇರಿದನು. ಆತನ ಶ್ವಾಸಯಂತ್ರದ ಭಾರವನ್ನು ತಾಳುವ ವಿದ್ಯಾರ್ಥಿನಿಲಯವಿಲ್ಲದುದರಿಂದ ವಿಶ್ವವಿದ್ಯಾನಿಲಯದ ಕೋವೆಲ್ ಆಸ್ಪತ್ರೆಯಲ್ಲಿಯೇ ಆತನಿಗೆ ವಸತಿ ಏರ್ಪಟ್ಟಿತು. ಕ್ರಮೇಣ ಅಂಥವರೇ ಆದ ಇನ್ನಷ್ಟು ವಿದ್ಯಾರ್ಥಿಗಳು ಅಲ್ಲಿಗೆ ಬಂದು ಸೇರಿದರು. ಆಸ್ಪತ್ರೆಯ ಒಂದು ಭಾಗವು ವಿದ್ಯಾರ್ಥಿನಿಲಯವಾಯಿತು, ವಿದ್ಯಾರ್ಥಿನಿಲಯವು ವಿಚಾರಗೋಷ್ಠಿಯಾಯಿತು. ಗಾಲಿಕುರ್ಚಿಗಳಲ್ಲಿ ಕುಳಿತ ಆ ತರುಣರು ರಾತ್ರಿಯೆಲ್ಲ ಚರ್ಚಿಸಿದ ವಿಷಯ ಒಂದೇ: ವೈದ್ಯನು, ದಾದಿಯು, ಅಧಿಕಾರಿಯು ನಮಗೆ ಯಾವುದು ಹಿತವೆಂದು ನಿರ್ಣಯಿಸುತ್ತಾರೆ, ಹಾಗೆ ನಿರ್ಣಯಿಸುವ ಅಧಿಕಾರ ನಮಗೇಕಿಲ್ಲ?

ಈ ಗುಂಪಿನ ಪ್ರಯತ್ನದಿಂದ 1970ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಅಂಗವಿಕಲ ವಿದ್ಯಾರ್ಥಿಗಳ ನೆರವಿಗಾಗಿ ಒಂದು ವಿಭಾಗವು ಪ್ರಾರಂಭವಾಯಿತು. ಆ ಸೇವೆಯ ಸುದ್ದಿಯು ಹರಡಿದಂತೆ ವಿದ್ಯಾರ್ಥಿಗಳಲ್ಲದ ಊರಿನವರೂ ಅಲ್ಲಿಗೆ ಬರತೊಡಗಿದರು. ಅವರನ್ನು ಹಿಂದಕ್ಕೆ ಕಳುಹಿಸಲು ಮನಸ್ಸೊಪ್ಪದೆ, ವಿಶ್ವವಿದ್ಯಾನಿಲಯದ ಹೊರಗೆ, ಊರಿನ ಸರ್ವರಿಗಾಗಿ 1972ರಲ್ಲಿ ಸ್ಥಾಪಿತವಾದುದೇ ಬರ್ಕ್ಲಿಯ ಸ್ವತಂತ್ರಜೀವನ ಕೇಂದ್ರ. ಒಂದು ಸಣ್ಣ ಬಾಡಿಗೆಯ ಮನೆಯಲ್ಲಿ ಅದು ತನ್ನ ಕೆಲಸವನ್ನು ತೊಡಗಿತು.

ಕಾರ್ಯಕರ್ತರು ಮತ್ತು ಅವರ ಕೆಲಸ

ಈ ಕೇಂದ್ರದ ಪ್ರಥಮ ವೈಶಿಷ್ಟ್ಯವೆಂದರೆ ಅದನ್ನು ನಡೆಸಿದವರು ಅಂಗವಿಕಲರೇ. ಅಲ್ಲಿಯ ವರೆಗೆ ಅಂಗವಿಕಲರಿಗಾಗಿ ನಡೆದ ಸಂಸ್ಥೆಗಳು ಲೋಕದಲ್ಲಿ ಅನೇಕವಿದ್ದವು. ಆದರೆ ಅವುಗಳ ಆಡಳಿತ ಮಂಡಲಿಯಲ್ಲಿ ಅಂಗವಿಕಲರನ್ನು ಕಾಣುವುದು ದುರ್ಲಭವಾಗಿತ್ತು. ಮುಂದೆ ಅಮೆರಿಕದ ಕಾನೂನು ಇದನ್ನೇ ನಿಯಮವಾಗಿ ಮಾಡಿತು. ಸರ್ಕಾರದ ಅನುದಾನವನ್ನು ಪಡೆಯುವ ಸ್ವತಂತ್ರಜೀವನ ಕೇಂದ್ರದ ಆಡಳಿತ ಮಂಡಲಿಯಲ್ಲಿಯೂ ನೌಕರವರ್ಗದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಅಂಗವಿಕಲರೇ ಆಗಿರತಕ್ಕದ್ದು.

ಕೇಂದ್ರದ ಕೆಲಸಗಳಲ್ಲಿ ಮೊದಲನೆಯದು ಸಹಾಯಕರನ್ನು ಒದಗಿಸುವುದು. ಮುಂಜಾನೆ ಹಾಸಿಗೆಯಿಂದ ಏಳುವುದಕ್ಕೂ, ಶೌಚ ಸ್ನಾನಗಳಿಗೂ, ಉಡುಪು ತೊಡುವುದಕ್ಕೂ, ಅಡುಗೆಗೂ ಮತ್ತೊಬ್ಬರ ಕೈ ಬೇಕಾದವನಿಗೆ ಆ ಕೈಯನ್ನು ಹುಡುಕುವುದೇ ದೊಡ್ಡ ಸಮಸ್ಯೆ. ಕೇಂದ್ರದ ಕಾರ್ಯಕರ್ತನು ಇಂಥ ಕೆಲಸಕ್ಕೆ ಬರಲು ಒಪ್ಪುವವರ ಹೆಸರುಗಳನ್ನು ಕಲೆಹಾಕುತ್ತಾನೆ. ಅವರ ಪೂರ್ವಾಪರಗಳನ್ನು ವಿಚಾರಿಸಿ ಪಟ್ಟಿಯನ್ನು ಸಿದ್ಧಪಡಿಸುತ್ತಾನೆ. ಆದರೆ ಯಾರನ್ನೂ ತಾನೇ ನೇಮಿಸುವುದಿಲ್ಲ. ಪಟ್ಟಿಯನ್ನು ಅಂಗವಿಕಲನ ಕೈಗೆ ಕೊಡುತ್ತಾನೆ. ಸಂದರ್ಶನ ಮಾಡುವವನು, ಆರಿಸುವವನು, ಕೆಲಸವನ್ನು ಕಲಿಸುವವನು, ಒಗ್ಗದಿದ್ದರೆ ಬಿಡಿಸುವವನು, ಇವರೆಲ್ಲ ಅಂಗವಿಕಲನೇ. ಕ್ಯಾಲಿಫೋರ್ನಿಯಾದಲ್ಲಿ 1973ರಿಂದ ನಡೆದುಬಂದಿರುವ ಮನೆಯೊಳಗಿನ ನೆರವಿನ ಯೋಜನೆಯಲ್ಲಿ ಇಂಥ ಸಹಾಯಕರ ವೇತನವನ್ನು ಸಾರ್ವಜನಿಕ ಹಣದಿಂದ ಭರಿಸಲಾಗುತ್ತದೆ. ಹಣ ಸರ್ಕಾರದ್ದು, ಕೈ ಸಹಾಯಕನದು, ಕರ್ತೃತ್ವ ಅಂಗವಿಕಲನದು.

ಎರಡನೆಯದು ಸಮಾನಾನುಭವಿಗಳ ಸಲಹೆ. ಮರದಿಂದ ಬಿದ್ದೋ, ವಾಹನದ ಅಪಘಾತದಲ್ಲಿಯೋ ಬೆನ್ನುಹುರಿಯು ಕಡಿದುಹೋಗಿ ಹಾಸಿಗೆ ಹಿಡಿದ ತರುಣನಿಗೆ ವೈದ್ಯನು ಎಷ್ಟೇ ಧೈರ್ಯ ಹೇಳಿದರೂ ಆ ಮಾತು ಕಿವಿಯಲ್ಲಿಯೇ ನಿಲ್ಲುತ್ತದೆ. ಅದೇ ವಿಪತ್ತನ್ನು ಹತ್ತು ವರ್ಷಗಳ ಹಿಂದೆ ಕಂಡು, ಈಗ ಗಾಲಿಕುರ್ಚಿಯಲ್ಲಿ ತಾನಾಗಿಯೇ ಬಂದು ಎದುರಿಗೆ ಕುಳಿತವನು ಆಡುವ ಮಾತಿನ ತೂಕವೇ ಬೇರೆ. ಮೂತ್ರದ ನಳಿಕೆಯನ್ನು ಶುಚಿಯಾಗಿಡುವುದು ಹೇಗೆ, ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಕುಳಿತು ಹುಣ್ಣಾಗದಂತೆ ನೋಡಿಕೊಳ್ಳುವುದು ಹೇಗೆ, ವಿವಾಹದ ಮಾತೆತ್ತಿದಾಗ ಮನೆಯವರು ಸುಮ್ಮನಾದರೆ ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ಯಾರೂ ಅಪರಿಚಿತನ ಮುಂದೆ ಕೇಳಲಾರರು. ಸಮಾನಾನುಭವಿಯ ಮುಂದೆ ಸಂಕೋಚವಿಲ್ಲ.

ಮೂರನೆಯದು ಜೀವನಕೌಶಲಗಳ ಶಿಕ್ಷಣ. ಬಾಲ್ಯದಿಂದಲೂ ಎಲ್ಲವನ್ನೂ ತಾಯಿಯೇ ಮಾಡಿಕೊಟ್ಟಿರುವಾಗ ಮೂವತ್ತು ವರ್ಷದವನಿಗೂ ಹಣದ ಲೆಕ್ಕ ತಿಳಿದಿರುವುದಿಲ್ಲ. ಬಸ್ಸಿನಲ್ಲಿ ಒಬ್ಬನೇ ಹೋಗಿ ಅಭ್ಯಾಸವಿರುವುದಿಲ್ಲ. ತಿಂಗಳ ಖರ್ಚಿನ ಪಟ್ಟಿಯನ್ನು ಮಾಡುವುದು, ಬಾಡಿಗೆಯ ಮನೆಯನ್ನು ಹುಡುಕುವುದು, ಕುಳಿತಲ್ಲಿಂದಲೇ ಅಡುಗೆಯನ್ನು ಮಾಡುವುದು ಅಥವಾ ಮಾಡಿಸುವುದು, ಸಹಾಯಕನಿಗೆ ಸ್ಪಷ್ಟವಾಗಿ, ನಯವಾಗಿ, ಹಿಂಜರಿಯದೆ ಕೆಲಸವನ್ನು ಹೇಳುವುದು, ಇವೆಲ್ಲ ಅಲ್ಲಿ ಪಾಠದ ವಿಷಯಗಳು. ಇವುಗಳಲ್ಲಿ ಕೊನೆಯದೇ ಕಠಿಣವಾದುದು. ಜೀವಮಾನವೆಲ್ಲ ಉಪಕಾರವನ್ನು ಪಡೆದು ತಲೆತಗ್ಗಿಸಿದವನಿಗೆ ‘ನೀರು ಇನ್ನೂ ಸ್ವಲ್ಪ ಬೆಚ್ಚಗಿರಲಿ’ ಎಂದು ಹೇಳುವುದಕ್ಕೂ ಅಭ್ಯಾಸ ಬೇಕು.

ನಾಲ್ಕನೆಯದು ಸಾಧನಗಳ ದುರಸ್ತಿ. ಬರ್ಕ್ಲಿಯ ಕೇಂದ್ರವು ಮೊದಲಲ್ಲಿಯೇ ಗಾಲಿಕುರ್ಚಿಗಳ ದುರಸ್ತಿಯ ಕಾರ್ಯಾಗಾರವನ್ನು ತೆರೆಯಿತು. ಕುರ್ಚಿ ಕೆಟ್ಟುನಿಂತ ದಿನ ಅದನ್ನು ಬಳಸುವವನು ಹಾಸಿಗೆಯ ಬಂದಿಯಾಗುತ್ತಾನೆ; ಅವನ ಉದ್ಯೋಗವೂ ವ್ಯಾಸಂಗವೂ ನಿಲ್ಲುತ್ತವೆ. ಆದುದರಿಂದ ಅಲ್ಲಿ ಬೆಸುಗೆ ಹಾಕುವವನ ಕೆಲಸವು ಸಲಹೆಗಾರನ ಕೆಲಸಕ್ಕಿಂತ ಕಡಿಮೆಯದೆಂದು ಎಣಿಸಲ್ಪಡಲಿಲ್ಲ. ಕುರ್ಚಿಯ ಸಮೇತ ಏರಬಹುದಾದಂತೆ ವಾಹನಗಳನ್ನು ಮಾರ್ಪಡಿಸುವ ಕೆಲಸವೂ ಅಲ್ಲಿ ನಡೆಯಿತು. ಅಂಧರಿಗೆ ಓದಿ ಹೇಳುವವರನ್ನು ಗೊತ್ತುಪಡಿಸುವುದು, ಸರ್ಕಾರದ ನೆರವಿನ ಅರ್ಜಿಗಳನ್ನು ತುಂಬಿಸುವುದು, ಮನೆಯ ಬಾಗಿಲಿಗೆ ಇಳಿಜಾರನ್ನು ಕಟ್ಟಿಸುವುದು ಇತ್ಯಾದಿಗಳು ಇವುಗಳ ಅಂಗಗಳು.

ಐದನೆಯದು ಹಕ್ಕಿನ ಪ್ರತಿಪಾದನೆ. ರಸ್ತೆಯ ಕಾಲುದಾರಿಯ ಅಂಚು ಅರ್ಧ ಅಡಿಯಷ್ಟು ಎತ್ತರವಿದ್ದರೆ ಸಾಕು, ಗಾಲಿಕುರ್ಚಿಗೆ ಅದು ಕೋಟೆಯ ಗೋಡೆ. 1970ರ ದಶಕದ ಆರಂಭದಲ್ಲಿಯೇ ಈ ತರುಣರು ನಗರಸಭೆಯ ಮುಂದೆ ವಾದಿಸಿ ಬರ್ಕ್ಲಿಯ ಬೀದಿಗಳ ತಿರುವುಗಳಲ್ಲಿ ಅಂಚನ್ನು ತಗ್ಗಿಸಿ ಇಳಿಜಾರು ಮಾಡಿಸಿದರು. ಆ ಇಳಿಜಾರಿನಿಂದ ಮಗುವಿನ ಗಾಡಿಯನ್ನು ತಳ್ಳುವ ತಾಯಿಗೂ, ಸಾಮಾನನ್ನು ಸಾಗಿಸುವ ಕೂಲಿಯವನಿಗೂ, ಊರುಗೋಲಿನ ಮುದುಕನಿಗೂ ಅನುಕೂಲವಾಯಿತು. ಅಂಗವಿಕಲನಿಗಾಗಿ ಮಾಡಿದ್ದು ಊರಿಗೆಲ್ಲ ಒದಗಿತು.

ಈ ಕಾರ್ಯಕರ್ತರಲ್ಲಿ ಹೇಲ್ ಝೂಕಸ್ ಎಂಬಾತನನ್ನು ಇಲ್ಲಿ ಸ್ಮರಿಸುವುದು ಉಚಿತ. ಹುಟ್ಟಿನಿಂದಲೂ ಮೆದುಳಿನ ಪಾರ್ಶ್ವವಾಯುವಿಗೆ ಗುರಿಯಾಗಿದ್ದ ಈತನಿಗೆ ಕೈಗಳು ಸ್ವಾಧೀನವಿರಲಿಲ್ಲ; ಮಾತು ಕೇಳುವವರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ತಲೆಗೆ ಕಟ್ಟಿದ ಕಡ್ಡಿಯಿಂದ ಅಕ್ಷರಫಲಕದ ಮೇಲಿನ ಒಂದೊಂದೇ ಅಕ್ಷರವನ್ನು ತೋರಿಸಿ ಆತ ವಾಕ್ಯಗಳನ್ನು ರಚಿಸುತ್ತಿದ್ದನು. ಅದೇ ಕ್ರಮದಲ್ಲಿ ಬರ್ಕ್ಲಿಯಲ್ಲಿ ಗಣಿತವನ್ನು ವ್ಯಾಸಂಗ ಮಾಡಿ, ಕೇಂದ್ರದ ಸಂಸ್ಥಾಪಕರಲ್ಲೊಬ್ಬನಾಗಿ, ರೈಲು ಬಸ್ಸುಗಳನ್ನು ಅಂಗವಿಕಲರಿಗೆ ಅನುಕೂಲಗೊಳಿಸುವ ವಿಷಯದಲ್ಲಿ ಪರಿಣತನೆನಿಸಿ, 2022ರಲ್ಲಿ ತೀರಿಕೊಂಡನು. ನಾಲಗೆ ತೊಡರಿದವನ ಬುದ್ಧಿಯೂ ತೊಡರಿರುತ್ತದೆಂಬ ಲೋಕದ ಭ್ರಮೆಗೆ ಈತನ ಬಾಳೇ ಉತ್ತರ.

ಹಕ್ಕಿನ ಮಾರ್ಗ

ಕೇಂದ್ರದ ಮತ್ತೊಬ್ಬ ಪ್ರಮುಖ ಕಾರ್ಯಕರ್ತೆ ಜೂಡಿ ಹ್ಯೂಮನ್. ಶೈಶವದಲ್ಲಿಯೇ ಪೋಲಿಯೋಗೆ ತುತ್ತಾದ ಈಕೆಯನ್ನು ಗಾಲಿಕುರ್ಚಿಯ ಮಗುವೆಂಬ ಕಾರಣದಿಂದ ಬಾಲವಾಡಿಗೇ ಸೇರಿಸಿಕೊಂಡಿರಲಿಲ್ಲ. ವಿದ್ಯಾವಂತೆಯಾಗಿ ಶಿಕ್ಷಕಿಯಾಗಲು ಹೊರಟಾಗ ನ್ಯೂಯಾರ್ಕಿನಲ್ಲಿ ಅನುಮತಿಪತ್ರವನ್ನು ನಿರಾಕರಿಸಲಾಯಿತು. 1970ರಲ್ಲಿ ನ್ಯಾಯಾಲಯಕ್ಕೆ ಹೋಗಿ ಆಕೆ ಅದನ್ನು ಪಡೆದಳು. 1973ರಲ್ಲಿ ಬರ್ಕ್ಲಿಗೆ ಬಂದು ಮುಂದೆ ಕೇಂದ್ರದ ಉಪನಿರ್ದೇಶಕಿಯಾದಳು.

ಅದೇ 1973ರ ಪುನರ್ವಸತಿ ಕಾಯಿದೆಯ 504ನೆಯ ವಿಭಾಗವು, ಸಂಯುಕ್ತ ಸರ್ಕಾರದ ಹಣವನ್ನು ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಭೇದದಿಂದ ಕಾಣಕೂಡದೆಂದು ವಿಧಿಸಿತ್ತು. ಕಾಯಿದೆ ಬಂದರೂ ಅದನ್ನು ಜಾರಿಗೆ ತರುವ ನಿಯಮಗಳು ನಾಲ್ಕು ವರ್ಷಗಳಾದರೂ ಹೊರಡಲಿಲ್ಲ. 1977ರ ಏಪ್ರಿಲ್ 5ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸರ್ಕಾರಿ ಕಚೇರಿಯನ್ನು ಪ್ರವೇಶಿಸಿದ ಸುಮಾರು ನೂರೈವತ್ತು ಮಂದಿ ಅಂಗವಿಕಲರೂ ಅವರ ಮಿತ್ರರೂ ಅಲ್ಲಿಂದ ಕದಲದೆ ಮೂರು ವಾರಗಳಿಗೂ ಮೀರಿ ಕುಳಿತರು. ಔಷಧ, ಸಹಾಯಕರು, ಹಾಸಿಗೆ ಯಾವುದೂ ಸರಿಯಾಗಿಲ್ಲದ ಸ್ಥಳದಲ್ಲಿ ಅವರು ಪ್ರಾಣಾಪಾಯವನ್ನೂ ಲೆಕ್ಕಿಸಲಿಲ್ಲ. ದೂರವಾಣಿಯ ಸಂಪರ್ಕವನ್ನು ಕಡಿದಾಗ ಕಿವುಡರು ಕಿಟಕಿಯಲ್ಲಿ ನಿಂತು ಕೈಸನ್ನೆಯ ಭಾಷೆಯಿಂದ ಹೊರಗಿನವರಿಗೆ ಸುದ್ದಿಯನ್ನು ಮುಟ್ಟಿಸಿದರು. ಕರಿಯರ ಸಂಘಟನೆಯಾದ ಬ್ಲಾಕ್ ಪ್ಯಾಂಥರ್ ಪಕ್ಷದವರು ಬಿಸಿಯೂಟವನ್ನು ತಂದು ಬಡಿಸಿದರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿದ್ದಿತು.

1978ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಗಿ ಸ್ವತಂತ್ರಜೀವನ ಕೇಂದ್ರಗಳಿಗೆ ಸರ್ಕಾರದ ಅನುದಾನ ದೊರೆಯುವಂತಾಯಿತು. ಇಂದು ಆ ದೇಶದಲ್ಲಿ ಇಂಥ ಕೇಂದ್ರಗಳು ಮುನ್ನೂರಕ್ಕೂ ಹೆಚ್ಚು ಇವೆ. 1990ರ ಜುಲೈ 26ರಂದು ಅಂಗವಿಕಲರ ಸಮಗ್ರ ಕಾಯಿದೆಗೆ ಸಹಿ ಬಿದ್ದಿತು. 1999ರಲ್ಲಿ ಓಮ್‌ಸ್ಟೆಡ್ ಮೊಕದ್ದಮೆಯ ತೀರ್ಪಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಊರಿನ ನಡುವೆ ಬಾಳಬಲ್ಲವರನ್ನು ನಿಷ್ಕಾರಣವಾಗಿ ಆಶ್ರಯಸಂಸ್ಥೆಗಳಲ್ಲಿ ಇರಿಸುವುದೂ ಒಂದು ಭೇದಭಾವವೇ ಎಂದು ಸಾರಿತು. ಸ್ವೀಡನ್, ಜಪಾನ್ ಮೊದಲಾದ ದೇಶಗಳಲ್ಲಿಯೂ 1980ರ ದಶಕದಲ್ಲಿ ಇಂಥ ಕೇಂದ್ರಗಳು ತಲೆಯೆತ್ತಿದವು.

ಎಡ್ ರಾಬರ್ಟ್ಸ್‌ನ ವೃತ್ತಾಂತದ ಉತ್ತರಾರ್ಧವನ್ನು ಇಲ್ಲಿ ಹೇಳಲೇಬೇಕು. ಉದ್ಯೋಗಕ್ಕೆ ಅನರ್ಹನೆಂದು ಯಾವ ಇಲಾಖೆಯು ಆತನನ್ನು ತಿರಸ್ಕರಿಸಿತ್ತೋ ಅದೇ ಪುನರ್ವಸತಿ ಇಲಾಖೆಗೆ ಆತನು 1975ರಲ್ಲಿ ನಿರ್ದೇಶಕನಾಗಿ ನೇಮಕಗೊಂಡನು. 1995ರಲ್ಲಿ ಆತನು ತೀರಿಕೊಂಡನು. 2010ರಲ್ಲಿ ಬರ್ಕ್ಲಿಯಲ್ಲಿ ಆತನ ಹೆಸರಿನ ಭವನವು ತೆರೆಯಲ್ಪಟ್ಟಿತು. ಮೇಲಿನ ಅಂತಸ್ತಿಗೆ ಹೋಗಲು ಅಲ್ಲಿ ಸುರುಳಿಯಾಕಾರದ ಕೆಂಪು ಇಳಿಜಾರು ಭವನದ ನಟ್ಟನಡುವೆ ಇದೆ. ಗಾಲಿಕುರ್ಚಿಯವರಿಗೆ ಹಿಂಬಾಗಿಲ ದಾರಿಯೆಂಬ ಹಳೆಯ ಪದ್ಧತಿಯನ್ನು ಆ ಕಟ್ಟಡವು ಮೌನವಾಗಿ ನಿರಾಕರಿಸುತ್ತದೆ.

ಪೂರ್ವಪಕ್ಷ ಮತ್ತು ಸಮಾಧಾನ

ಈ ತತ್ತ್ವಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅಶಕ್ತನಾದವನನ್ನು ಅವನ ಇಚ್ಛೆಗೆ ಬಿಟ್ಟರೆ ಅಪಾಯವಲ್ಲವೇ ಎಂಬುದು ಮೊದಲನೆಯ ಆಕ್ಷೇಪ. ಅಪಾಯವಿಲ್ಲದ ಬದುಕು ಯಾರಿಗಿದೆ? ಸಶಕ್ತನೂ ರಸ್ತೆಯನ್ನು ದಾಟುವಾಗ, ವ್ಯಾಪಾರಕ್ಕೆ ಹಣ ತೊಡಗಿಸುವಾಗ, ವಿವಾಹವಾಗುವಾಗ ಅಪಾಯವನ್ನು ಎದುರಿಸುತ್ತಾನೆ, ತಪ್ಪಿ ತಿದ್ದಿಕೊಳ್ಳುತ್ತಾನೆ. ತಪ್ಪುವ ಅವಕಾಶವನ್ನೇ ಕೊಡದೆ ಕಾಪಾಡುವುದು ಪಂಜರದ ಪಕ್ಷಿಯನ್ನು ಕಾಪಾಡಿದಂತೆ. ಕೇಂದ್ರದ ಕಾರ್ಯಕರ್ತನು ಅಪಾಯವನ್ನು ವಿವರಿಸುತ್ತಾನೆ; ನಿರ್ಧಾರವನ್ನು ಕಸಿದುಕೊಳ್ಳುವುದಿಲ್ಲ.

ಬುದ್ಧಿಮಾಂದ್ಯವುಳ್ಳವರು ನಿರ್ಧರಿಸುವುದು ಹೇಗೆ ಎಂಬುದು ಎರಡನೆಯದು. ನಿರ್ಧಾರವೆಂಬುದು ಎಲ್ಲವೂ ಉಂಟು ಅಥವಾ ಏನೂ ಇಲ್ಲ ಎಂಬಂಥದಲ್ಲ. ಹಣಕಾಸಿನ ವ್ಯವಹಾರದಲ್ಲಿ ನೆರವು ಬೇಕಾದವನೂ ತನಗಿಷ್ಟವಾದ ಊಟವನ್ನು, ಉಡುಪನ್ನು, ಗೆಳೆಯನನ್ನು ಆರಿಸಬಲ್ಲನು. ಅಂಥವನಿಗೆ ತಿಳಿಯುವ ಮಾತಿನಲ್ಲಿ ತಿಳಿಸಿ, ಅವನ ಇಂಗಿತವನ್ನು ತಾಳ್ಮೆಯಿಂದ ಅರಿತು, ನಿರ್ಧರಿಸಲು ನೆರವಾಗುವುದೇ ಇಲ್ಲಿಯ ಕ್ರಮ.

ಈ ಸ್ವಾತಂತ್ರ್ಯದ ಮಾತು ಒಂಟಿಯಾಗಿ ಬಾಳುವ ಪಾಶ್ಚಾತ್ಯರಿಗೆ ಸರಿ, ಅವಿಭಕ್ತ ಕುಟುಂಬದ ನಾಡಿಗೆ ಸಲ್ಲದು ಎಂಬುದು ಮೂರನೆಯದು. ಇದು ಗಂಭೀರವಾದ ಮಾತು. ಈ ದೇಶದಲ್ಲಿ ಅಂಗವಿಕಲನನ್ನು ಇಂದಿಗೂ ಸಲಹುತ್ತಿರುವುದು ಕುಟುಂಬವೇ; ಅದರಲ್ಲಿಯೂ ತಾಯಿ, ಮಡದಿ, ಅಕ್ಕತಂಗಿಯರೇ. ಆ ಸೇವೆಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಯಸ್ಸಾದ ತಾಯಿಯು ತನ್ನ ಕಾಲಾನಂತರ ಈ ಮಗನ ಗತಿಯೇನೆಂದು ರಾತ್ರಿಯೆಲ್ಲ ಚಿಂತಿಸುವುದೂ ಅಷ್ಟೇ ಸತ್ಯ. ಸ್ವತಂತ್ರಜೀವನವೆಂದರೆ ಮನೆಯನ್ನು ಬಿಟ್ಟು ಹೋಗುವುದೆಂದು ಅರ್ಥವಲ್ಲ. ಮನೆಯಲ್ಲಿದ್ದರೂ ತನ್ನ ಬಾಳಿನ ವಿಷಯದಲ್ಲಿ ಮಾತಿನ ಹಕ್ಕನ್ನು ಪಡೆದಿರುವುದು, ಮನೆಯವರ ಮೇಲಿನ ಭಾರವನ್ನು ಊರು ಹಂಚಿಕೊಳ್ಳುವುದು, ಇಷ್ಟೇ ಅದರ ಅರ್ಥ.

ಕೇಂದ್ರಗಳಲ್ಲಿ ನಿಜವಾದ ಕುಂದುಕೊರತೆಗಳೂ ಇವೆ. ಸಹಾಯಕರ ಸಂಬಳ ಎಲ್ಲೆಡೆಯೂ ಅಲ್ಪ; ಆದುದರಿಂದ ಅವರು ಬಹುಕಾಲ ನಿಲ್ಲುವುದಿಲ್ಲ. ಬೆಳಿಗ್ಗೆ ಬರಬೇಕಾದವನು ಬಾರದಿದ್ದರೆ ಕಾಯುವವನು ಹಾಸಿಗೆಯಲ್ಲಿಯೇ ಉಳಿಯುತ್ತಾನೆ. ಒಬ್ಬನ ಸ್ವಾತಂತ್ರ್ಯವು ಮತ್ತೊಬ್ಬನ ಅಗ್ಗದ ದುಡಿಮೆಯ ಮೇಲೆ ನಿಲ್ಲಬಾರದೆಂಬ ಅರಿವಿನಿಂದ ಸಹಾಯಕರ ವೇತನ ಮತ್ತು ಗೌರವಗಳಿಗಾಗಿಯೂ ಧ್ವನಿಯೆತ್ತಿದವರು ಈ ಚಳವಳಿಯಲ್ಲಿದ್ದಾರೆ. ಪ್ರಥಮಾ ವಿಭಕ್ತಿಯಲ್ಲಿರುವವನು ತೃತೀಯೆಯಲ್ಲಿರುವವನನ್ನು ಮರೆಯಕೂಡದು.

ಈ ನಾಡಿನಲ್ಲಿ

ಭಾರತದಲ್ಲಿಯೂ ಈ ವಿಚಾರದ ಬೀಜವು ಹೊರಗಿನಿಂದ ಬಂದುದಷ್ಟೇ ಅಲ್ಲ. ಬರ್ಕ್ಲಿಯ ಕೇಂದ್ರಕ್ಕಿಂತಲೂ ಮುಂಚೆ, 1959ರಲ್ಲಿ, ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಎನ್. ಎಸ್. ಹೇಮಾ ಅವರು ಸ್ಥಾಪಿಸಿದರು. ಅವರು ಸ್ವತಃ ಪೋಲಿಯೋಪೀಡಿತರು. ಇಂದು ‘ಎ.ಪಿ.ಡಿ.’ ಎಂದು ಖ್ಯಾತವಾಗಿರುವ ಆ ಸಂಸ್ಥೆಯು ಶಿಕ್ಷಣ, ಸಾಧನಸಾಮಗ್ರಿ, ತೋಟಗಾರಿಕೆಯ ತರಬೇತಿ ಮೊದಲಾದವುಗಳ ಮೂಲಕ ಅಂಗವಿಕಲರನ್ನು ಉದ್ಯೋಗದ ಕಡೆಗೆ ಒಯ್ದಿದೆ. ತಮಿಳುನಾಡಿನ ಆಯಿಕ್ಕುಡಿ ಎಂಬ ಹಳ್ಳಿಯಲ್ಲಿ, ಅಪಘಾತದಿಂದ ಕುತ್ತಿಗೆಯ ಕೆಳಗೆ ಚಲನೆಯನ್ನು ಕಳೆದುಕೊಂಡ ಎಸ್. ರಾಮಕೃಷ್ಣನ್ ಅವರು 1981ರಲ್ಲಿ ಅಮರ ಸೇವಾ ಸಂಘವನ್ನು ಕಟ್ಟಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಾತಂತೂ ಕನ್ನಡಿಗರಿಗೆಲ್ಲ ತಿಳಿದದ್ದೇ. ಆಶ್ರಮದ ಪದ್ಧತಿಯು ಗುರುಕುಲದ್ದು, ಕೇಂದ್ರದ ಪದ್ಧತಿ ಬೇರೆ. ಆದರೂ ಅಂಧರಾದ ಪಂಚಾಕ್ಷರ ಗವಾಯಿಗಳು ಕಲಿಸಿ, ಅಂಧರಾದ ಪುಟ್ಟರಾಜ ಗವಾಯಿಗಳು 2010ರ ವರೆಗೆ ಮುನ್ನಡೆಸಿದ ಆ ಪರಂಪರೆಯಲ್ಲಿ ಸಮಾನಾನುಭವಿಯೇ ಗುರುವಾಗುವ ತತ್ತ್ವವು ಸ್ಪಷ್ಟವಾಗಿ ಕಾಣುತ್ತದೆ. ಕಣ್ಣಿಲ್ಲದ ಬಾಲಕನ ಮುಂದೆ ಕಣ್ಣಿಲ್ಲದ ಮಹಾಪಂಡಿತನು ಕುಳಿತಾಗ, ‘ನಿನ್ನಿಂದಾಗದು’ ಎಂಬ ಮಾತಿಗೆ ಅಲ್ಲಿ ಸ್ಥಳವೇ ಇಲ್ಲ.

ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೆಯ ವಿಧಿಯು ಸ್ವತಂತ್ರಜೀವನವನ್ನೂ ಸಮುದಾಯದ ನಡುವೆ ಬಾಳುವುದನ್ನೂ ಹಕ್ಕೆಂದು ಘೋಷಿಸಿದೆ. ಭಾರತವು 2007ರಲ್ಲಿ ಅದನ್ನು ಅನುಮೋದಿಸಿತು. 1995ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ಕಾಯಿದೆಯು ಏಳರ ಬದಲು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರ 5ನೆಯ ವಿಭಾಗದ ಪ್ರಕಾರ ಅಂಗವಿಕಲರಿಗೆ ಸಮುದಾಯದಲ್ಲಿ ಬಾಳುವ ಹಕ್ಕಿದೆ. ಇಂಥಲ್ಲಿಯೇ ವಾಸಿಸಬೇಕೆಂದು ಅವರನ್ನು ಬಲವಂತಪಡಿಸುವಂತಿಲ್ಲ. ಸಹಾಯಕರ ನೆರವೂ ಸೇರಿದಂತೆ ಬೆಂಬಲದ ಸೇವೆಗಳನ್ನು ಒದಗಿಸಲು ಸರ್ಕಾರವು ಪ್ರಯತ್ನಿಸತಕ್ಕದ್ದು. 2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ, ಕರ್ನಾಟಕದಲ್ಲಿ ಸುಮಾರು 13 ಲಕ್ಷ. ದೇಶದ ಅಂಗವಿಕಲರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದಾರೆ.

ಆ ಹಳ್ಳಿಗಳಲ್ಲಿ ಬರ್ಕ್ಲಿಯಂಥ ಕೇಂದ್ರವಿಲ್ಲ. ಆದರೆ ಕರ್ನಾಟಕದಲ್ಲಿ ಗ್ರಾಮಪಂಚಾಯತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ಅವರ ಮೇಲೆ ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಕಾರ್ಯಕರ್ತರೂ ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಇವರಲ್ಲಿ ಬಹುಮಂದಿ ಸ್ವತಃ ಅಂಗವಿಕಲರು. ಗುರುತಿನ ಚೀಟಿಗಾಗಿ ಜಿಲ್ಲಾಸ್ಪತ್ರೆಗೆ ಕರೆದೊಯ್ಯುವುದು, ಮಾಸಾಶನದ ಅರ್ಜಿಯನ್ನು ಬರೆಸುವುದು, ಮನೆಯೊಳಗೆ ಅಡಗಿಸಿಟ್ಟ ಮಗುವನ್ನು ಶಾಲೆಗೆ ಸೇರಿಸಲು ತಾಯಿತಂದೆಗಳ ಮನವೊಲಿಸುವುದು ಇವರ ನಿತ್ಯದ ಕೆಲಸ. ಊರುಗೋಲಿನ ನೆರವಿನಿಂದ ಮನೆಮನೆಗೆ ಹೋಗುವ ಇಂಥ ಕಾರ್ಯಕರ್ತನನ್ನು ಕಂಡ ಹಳ್ಳಿಯ ಮಗುವಿಗೆ ಆತನ ಬರವೇ ಮೊದಲನೆಯ ಪಾಠ.

ಶಾಲೆ ಮತ್ತು ದಾನಿ

ವ್ಯಾಕರಣದಲ್ಲಿ ದಾನವನ್ನು ಪಡೆಯುವವನಿಗೆ ಸಂಪ್ರದಾನವೆಂದು ಹೆಸರು. ಅವನ ಸ್ಥಾನ ಚತುರ್ಥೀ ವಿಭಕ್ತಿ. ‘ದಾನಿಯು ಅಂಗವಿಕಲನಿಗೆ ಗಾಲಿಕುರ್ಚಿಯನ್ನು ಕೊಟ್ಟನು.’ ಇಲ್ಲಿ ದಾನಿಯೇ ಕರ್ತೃ, ಕುರ್ಚಿಯೇ ಕರ್ಮ. ಅಂಗವಿಕಲನು ಕೇವಲ ‘ಗೆ’ ಪ್ರತ್ಯಯ. ವಾಕ್ಯದಲ್ಲಿ ಇದು ದೋಷವಲ್ಲ. ಬಾಳಿನಲ್ಲಿ ಒಬ್ಬನು ಹುಟ್ಟಿನಿಂದ ಸಾವಿನ ವರೆಗೆ ಚತುರ್ಥಿಯಲ್ಲಿಯೇ ಉಳಿದರೆ ಅದು ದೋಷ. ಸಮಾರಂಭದಲ್ಲಿ ಹಾರತುರಾಯಿಗಳೊಡನೆ ಕೊಟ್ಟ ಕುರ್ಚಿಯು ಮನೆಯ ಬಾಗಿಲಿಗಿಂತ ಅಗಲವಾಗಿದ್ದರೆ ಅದು ಅಟ್ಟವನ್ನು ಸೇರಿ ತುಕ್ಕು ಹಿಡಿಯುತ್ತದೆ. ಕೊಡುವ ಮುನ್ನ ಬಾಗಿಲಿನ ಅಳತೆಯನ್ನಲ್ಲದಿದ್ದರೂ ಪಡೆಯುವವನ ಅಭಿಪ್ರಾಯವನ್ನಾದರೂ ಕೇಳಿದ್ದರೆ ಆ ಹಣವು ಸಾರ್ಥಕವಾಗುತ್ತಿತ್ತು. ಕೆಲವೊಮ್ಮೆ ಅವನಿಗೆ ಬೇಕಾಗಿರುವುದು ಕುರ್ಚಿಯಲ್ಲ, ಬಸ್ಸಿನ ಖರ್ಚು. ಅಥವಾ ಓದಿ ಹೇಳುವ ಒಬ್ಬ ಗೆಳೆಯ. ಅಥವಾ ಒಂದು ಉದ್ಯೋಗ.

ಶಾಲೆಗಳಿಗೂ ಇಲ್ಲಿ ಮಾಡಬಹುದಾದ ಕಾರ್ಯವಿದೆ. ಒಂದು ಅಡಿ ಎತ್ತರದ ಜಗಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರಿರಬೇಕೆಂಬುದು ಸಾಮಾನ್ಯವಾದ ಅಳತೆ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯು ಹಿಂದಕ್ಕೆ ಜಾರುತ್ತದೆ. ಬಾಗಿಲಿನ ಅಗಲ ಮೂರು ಅಡಿಯಿದ್ದರೆ ಕುರ್ಚಿಯು ನಿರಾಯಾಸವಾಗಿ ಒಳಬರುತ್ತದೆ. ಶೌಚಾಲಯದಲ್ಲಿ ಹಿಡಿದು ಏಳಲು ಗೋಡೆಗೊಂದು ಕಂಬಿ, ಮೇಲಿನ ಅಂತಸ್ತಿನ ತರಗತಿಯನ್ನು ಕೆಳಕ್ಕೆ ಇಳಿಸುವ ಒಂದು ಆಜ್ಞೆ, ಇವು ಹೆಚ್ಚು ವೆಚ್ಚದ ಕೆಲಸಗಳಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಅಂಗವಿಕಲರಿದ್ದರೆ ಅವರನ್ನು ಕಟ್ಟಡ ಸಮಿತಿಗೂ ವಿದ್ಯಾರ್ಥಿವೇತನದ ಸಮಿತಿಗೂ ಆಹ್ವಾನಿಸುವುದು ಇನ್ನೂ ಮುಖ್ಯ. ಅವರನ್ನು ವೇದಿಕೆಯ ಮೇಲೆ ಕರೆದು ಸನ್ಮಾನಿಸುವುದಕ್ಕಿಂತ, ಸಮಿತಿಯ ಮೇಜಿನ ಸುತ್ತ ಕೂರಿಸಿ ಅವರ ಮಾತಿನಂತೆ ನಕ್ಷೆಯನ್ನು ತಿದ್ದುವುದು ಅವರಿಗೆ ಸಲ್ಲುವ ದೊಡ್ಡ ಗೌರವ.

ಅಧ್ಯಾಪಕನು ತರಗತಿಯಲ್ಲಿ ಮಾಡಬಹುದಾದುದು ಇನ್ನೂ ಸರಳ. ಕಾಲಿಲ್ಲದ ಹುಡುಗನಿಗೆ ಆಟದ ಹೊತ್ತಿನಲ್ಲಿ ಚೀಲಗಳನ್ನು ಕಾಯುವ ಕೆಲಸವನ್ನು ಒಪ್ಪಿಸಿ ಕೂರಿಸುವುದು ವಾಡಿಕೆ. ಅದರ ಬದಲು, ನೀನು ಈ ಆಟದಲ್ಲಿ ಏನನ್ನು ಮಾಡಬಯಸುತ್ತೀಯೆ ಎಂದು ಅವನನ್ನು ಕೇಳಬಹುದು. ಲೆಕ್ಕ ಬರೆಯುವುದನ್ನೋ, ತೀರ್ಪು ಹೇಳುವುದನ್ನೋ, ನಿಯಮವನ್ನು ಸ್ವಲ್ಪ ಮಾರ್ಪಡಿಸಿ ತಾನೇ ಆಡುವುದನ್ನೋ ಅವನು ಸೂಚಿಸಬಹುದು. ಉತ್ತರವೇನೇ ಇರಲಿ, ಕೇಳಲ್ಪಟ್ಟ ಆ ದಿನದಿಂದ ಹುಡುಗನು ತನ್ನ ಬಾಳಿನ ವಾಕ್ಯದಲ್ಲಿ ಕರ್ತೃವಾಗಲು ಕಲಿಯುತ್ತಾನೆ. ಅಂಥ ಪ್ರಶ್ನೆಯನ್ನು ಕೇಳುವ ಅಧ್ಯಾಪಕರೂ, ಕೇಳಿದ ಮೇಲೆ ಕೊಡುವ ದಾನಿಗಳೂ, ಕೊಟ್ಟುದನ್ನು ಜೊತೆಗೂಡಿ ನಡೆಸುವ ಹಳೆಯ ವಿದ್ಯಾರ್ಥಿಗಳೂ ನಾಡಿನ ಎಲ್ಲ ಶಾಲೆಗಳಿಗೂ ದೊರೆಯಲಿ.